ಗಾಳಿಯಲ್ಲಿ ಕರಿದದ್ದು

ಮೂವತ್ತೆಂಟು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಾಣಲೆಯ ಮುಂದೆ ನಿಂತವನಿಗೆ ಜನ ಬಾಣಲೆಪ್ಪ ಅಂತ ಹೆಸರಿಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಆಲೂಗಡ್ಡೆಯನ್ನು ಕಡ್ಡಿಯಂತೆ ಹೆಚ್ಚಿ ಕರಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಹಾಗಂತ ಎಲ್ಲರಿಗಿಂತ ಮೊದಲು ಹೇಳುವವನೂ ಅವನೇ. ಊಟದ ಗಂಟೆ ಹೊಡೆದದ್ದೇ ತಡ, ಫಿಟ್ಟರುಗಳು, ವೆಲ್ಡರುಗಳು ಕೈ ತೊಳೆಯುವುದನ್ನೂ ಮರೆತು ಅವನ ಮುಂದೆ ಸಾಲು ನಿಲ್ಲುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕರಿಯುತ್ತೇನೆ ಅನ್ನುತ್ತಿದ್ದ. ಜಂಭದ ಮಾತೇ, ಆದರೆ ಸುಳ್ಳಲ್ಲ. ಅವನು ಕರಿಯುತ್ತಿದ್ದದ್ದೇ ಕಿವಿಯಿಂದ. ಹಾಕಿದ ಕೂಡಲೇ ಎಣ್ಣೆ ಬೊಬ್ಬೆ ಹೊಡೆಯುತ್ತದೆ, ಕಡ್ಡಿಯೊಳಗಿನ ನೀರು ಆರುತ್ತಾ ಬಂದ ಹಾಗೆ ಸದ್ದು ತಗ್ಗುತ್ತದೆ, ಪಿಸುಮಾತಿಗೆ ಇಳಿದಾಗ ಎತ್ತಬೇಕು. ಅಷ್ಟೇ ಅವನ ವಿದ್ಯೆ.

ಮನೆಯಲ್ಲಿ ಮಾತ್ರ ಎಣ್ಣೆ ವಾಸನೆ ಅವನಿಗೆ ಆಗಿಬರುತ್ತಿರಲಿಲ್ಲ. ಬೆಳಗಿನಿಂದ ಅದರಲ್ಲೇ ಮಿಂದು ಬಂದವನಿಗೆ ಮನೆಗೆ ಬಂದರೂ ಅದೇ ಅಂದರೆ ತಲೆ ಕೆಡದೆ ಇರುತ್ತದೆಯೇ? ಒಲೆಯ ಮೇಲೆ ಬಾಣಲೆ ಇಡಕೂಡದು ಅಂತ ಮದುವೆಯಾದ ಹೊಸದರಲ್ಲೇ ಹೆಂಡತಿಗೆ ಹೇಳಿಬಿಟ್ಟಿದ್ದ. ಅವಳು ಹೂಂ ಅಂದಿದ್ದಳು. ಅದರ ಬದಲಿಗೆ, ಪಾಳಿ ಮುಗಿದಾಗ ಉಳಿದ ಒಂದು ಹಿಡಿ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ, ಎರಡು ಬಸ್ಸು ಬದಲಿಸಿ, ತಂದುಕೊಡುತ್ತಿದ್ದ. ಅವಳು ಒಂದನ್ನೂ ಬಿಡದೆ ತಿಂದು, ಚೆನ್ನಾಗಿದೆ ಅನ್ನುತ್ತಿದ್ದಳು. ಅವನೂ ಬಲು ಖುಷಿಯಿಂದ ಕಾಲು ಚಾಚಿ ಮಲಗುತ್ತಿದ್ದ.

ಆ ಅವಳೇ ಈಗ ಊಟ ಬಿಟ್ಟು ಕೂತಿದ್ದಳು. ಎರಡು ತಿಂಗಳ ಹಿಂದೆ ಎದೆನೋವು ಬಂದು ಆಸ್ಪತ್ರೆ ಸೇರಿದವಳು ವಾಪಸೇನೋ ಬಂದಳು, ಬಾಯಿರುಚಿಯನ್ನು ಮಾತ್ರ ಅಲ್ಲೇ ಬಿಟ್ಟುಬಂದಳು. ಕರಿದದ್ದನ್ನು ಮುಟ್ಟಕೂಡದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಬೇಯಿಸಿದ ತರಕಾರಿ ಕೊಟ್ಟರೆ ಎರಡು ತುತ್ತಿಗೆ ತಟ್ಟೆ ದೂಡುತ್ತಿದ್ದಳು. ತೂಕ ನಲವತ್ತೊಂದು ಕಿಲೋಗೆ ಇಳಿದಿತ್ತು. ಸೋಮವಾರ ಮತ್ತೆ ತೂಕ ನೋಡುವುದು, ಇನ್ನೂ ಇಳಿದಿದ್ದರೆ ಭರ್ತಿ ಮಾಡಿಕೊಂಡು ಮೂಗಿಗೆ ನಳಿಕೆ ಹಾಕುವುದು ಅಂತ ಆಗಿತ್ತು. ಊರಿಗೆಲ್ಲ ಉಣಬಡಿಸಿದವನಿಗೆ ತನ್ನ ಹೆಂಡತಿಯ ಬಾಯಿಗೆ ಒಂದು ತುತ್ತು ಇಳಿಸಲಾಗುತ್ತಿರಲಿಲ್ಲ. ನಿನಗೇನು ತಿನ್ನೋಕೆ ಆಸೆ, ಅದನ್ನಾದರೂ ಹೇಳು ಅಂತ ಶುಕ್ರವಾರ ಅಂಗಲಾಚಿದ. ಅವಳು ಗೋಡೆ ಕಡೆ ತಿರುಗಿಕೊಂಡು, ನೀವು ಕಾಗದದಲ್ಲಿ ತರ್ತಿದ್ದದ್ದು ಅಂದಳು.

ಇದ್ದಬದ್ದದ್ದರಲ್ಲಿ ಕೊಡಬಾರದ ಒಂದನ್ನೇ ಕೇಳಿದ್ದಳು.

ಮಗಳಿಗೆ ಫೋನು ಮಾಡಿ ಗೋಳು ತೋಡಿಕೊಂಡ. ಮಗಳು ಬಸ್ ಡ್ರೈವರು, ಸುತ್ತಿ ಬಳಸಿ ಮಾತಾಡುವವಳಲ್ಲ. ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿದವಳೇ ಸಣ್ಣ ಟಿ.ವಿ.ಯಷ್ಟು ದೊಡ್ಡದೊಂದು ಡಬ್ಬ ಹೊತ್ತು ತಂದು ಅಡುಗೆಕಟ್ಟೆಯ ಮೇಲೆ ಕುಕ್ಕಿದಳು. ಓವನ್, ಒಳಗೆ ಫ್ಯಾನ್ ಇದೆ, ಬಿಸಿಗಾಳಿಯಲ್ಲೇ ಕರಿಯುತ್ತೆ, ಡಾಕ್ಟರನ್ನು ಕೇಳಿದ್ದೀನಿ, ಒಂದು ಚಮಚ ಎಣ್ಣೆ ಸವರಿದರೆ ಪರವಾಗಿಲ್ಲ ಅಂದಳು.

ಬಾಣಲೆಪ್ಪ ಮೂಗು ಮುರಿದ. ಗಾಳಿಯಲ್ಲಿ ಬಟ್ಟೆ ಒಣಗಿಸುತ್ತಾರೆ, ಕಡ್ಡಿ ಕರಿಯುತ್ತಾರೆಯೇ? ಆದರೆ ಸೋಮವಾರ ತಲೆಯ ಮೇಲೆ ಕೂತಿತ್ತಲ್ಲ, ಗೊಣಗುತ್ತಲೇ ಚಾಕು ಹಿಡಿದ. ಎರಡು ಕಿಲೋ ಆಲೂಗಡ್ಡೆಯನ್ನು ಬೆರಳಿನ ದಪ್ಪಕ್ಕೆ ಹೆಚ್ಚಿ, ತಣ್ಣೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿದ. ಚಮಚ ಎಣ್ಣೆಯನ್ನು ಕೈಯಿಂದಲೇ ಸವರಿದ. ಅಲ್ಲಿಯವರೆಗೆ ಸರಿಯೇ. ಆಮೇಲೆ ಬಾಣಲೆಗೆ ಸುರಿಯುವವನ ಹಾಗೆ ಎರಡು ಕಿಲೋವನ್ನೂ ಓವನಿನ ಜಾಲರಿಯ ಮೇಲೆ ಗುಡ್ಡೆ ಹಾಕಿದ. ಬಾಗಿಲು ಮುಚ್ಚಿ ಕಿವಿ ಕೊಟ್ಟ. ಬೊಬ್ಬೆಯಿಲ್ಲ, ಪಿಸುಮಾತಿಲ್ಲ. ಗುಂಯ್ ಅನ್ನುವ ಒಂದೇ ರಾಗ. ಹಾಕಿದಾಗಲೂ ಗುಂಯ್, ಐದು ನಿಮಿಷಕ್ಕೂ ಗುಂಯ್. ಕಿವಿಗೆ ಕೆಲಸವಿಲ್ಲದೆ ಅವನ ಕೈ ಸುಮ್ಮನಿರಲಿಲ್ಲ, ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ತೂತಿನ ಸೌಟಿನಿಂದ ಕಲಕಿದ. ಅರ್ಧ ಗಂಟೆಯಾದ ಮೇಲೆ ಹೊರಬಂದದ್ದು ಬಿಳಿಚಿಕೊಂಡ, ಮೆತ್ತಗಿನ ಮುದ್ದೆ. ಅದನ್ನೇ ಹೆಂಡತಿಗೆ ಕೊಟ್ಟ. ಅವಳು ಒಂದನ್ನು ಬಾಯಿಗಿಟ್ಟು, ಕಾಗದದಲ್ಲಿ ತರ್ತಿದ್ದದ್ದರ ಹಾಗೇ ಇದೆ ಅಂತ ಹೇಳಿ, ತಟ್ಟೆಯನ್ನು ಪಕ್ಕಕ್ಕಿಟ್ಟಳು.

ಬಾಣಲೆಪ್ಪನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಹೋಲಿಸಿ ಹೋಲಿಸಿ ತನ್ನ ಕಡ್ಡಿಯನ್ನು ಈ ಮುದ್ದೆಗೆ ಹೋಲಿಸಿದಳಲ್ಲ ಅಂತ ಸಿಟ್ಟೂ ಬಂತು.

ಅಡುಗೆಮನೆಯಲ್ಲಿ ಮಗಳು ಮತ್ತೆ ಆಲೂಗಡ್ಡೆ ಮುಂದಿಟ್ಟಳು. ಈ ಸಲ ಅವಳದೇ ಆಜ್ಞೆ. ಒಂದು ಹಿಡಿ ಮಾತ್ರ, ಒಂದಕ್ಕೊಂದು ತಾಗದ ಹಾಗೆ ಹರಡಬೇಕು, ಗಾಳಿ ನುಸುಳೋಕೆ ಜಾಗ ಬೇಕು. ಅವನ ಕೈ ಬಾಗಿಲಿನತ್ತ ಹೋದಾಗಲೆಲ್ಲ ಹಿಡಿದು ನಿಲ್ಲಿಸಿದಳು.

"ಬಸ್ಸು ಹೊರಟ ಮೇಲೆ ಬಾಗಿಲು ತೆಗೀಬಾರದಪ್ಪ. ಸುಮ್ನೆ ಕೂತು ನೋಡು."

ಕಿವಿಯಿಂದ ಬದುಕಿದವನು ಮೊದಲ ಸಲ ಕಣ್ಣಿಟ್ಟು ಕೂತ. ಸ್ಟೂಲು ಎಳೆದುಕೊಂಡು ಗಾಜಿಗೆ ಮುಖ ಹತ್ತಿರ ತಂದ. ಒಳಗೆ ಸಣ್ಣ ದೀಪ ಉರಿಯುತ್ತಿತ್ತು. ಮೊದಮೊದಲು ಏನೂ ಇಲ್ಲ. ಆಮೇಲೆ ಕಡ್ಡಿಗಳ ಮೈ ಬೆವರಿತು, ಬೆವರು ಆರಿತು, ಚರ್ಮ ಬಿಗಿಯಾಯಿತು. ತುದಿಗಳಲ್ಲಿ ಗೋಧಿಯ ಬಣ್ಣ ಕಾಣಿಸಿಕೊಂಡು ನಿಧಾನವಾಗಿ ನಡುವಿಗೆ ನಡೆದುಬಂತು. ಸಣ್ಣ ಸಣ್ಣ ಗುಳ್ಳೆ ಎದ್ದು ಅಲ್ಲಲ್ಲೇ ಗಟ್ಟಿಯಾದವು. ಬಾಣಲೆಯಲ್ಲಿ ನೊರೆಯ ಕೆಳಗೆ ಮುಳುಗಿರುತ್ತಿದ್ದ ಇದನ್ನೆಲ್ಲ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಅವನು ಕಂಡಿರಲಿಲ್ಲ. ದಿನಾ ಮಾಡಿದ ಕೆಲಸ, ಅದರ ಒಳಗೆ ಇಷ್ಟು ಚೆಂದ ನಡೀತಿತ್ತೇ ಅಂತ ಅವನ ಮೈ ಜುಂ ಅಂದಿತು. ಬಾಣಲೆಯಿಲ್ಲ, ಎಣ್ಣೆಯಿಲ್ಲ, ಕಣ್ಣಿಗೆ ಕಾಣದ ಬರೀ ಗಾಳಿ, ಅದು ಕರಿಯುತ್ತಿದೆ! ಅವನು ಬಾಯಿ ತೆರೆದು ನೋಡುತ್ತಲೇ ಇದ್ದ. ಮಗಳು ನಗುತ್ತಿದ್ದದ್ದು ಅವನ ಗಮನಕ್ಕೆ ಬರಲಿಲ್ಲ.

ಓವನಿನ ಗಂಟೆ ಟಿಣ್ ಅಂದಿತು. ಜಾಲರಿ ಎಳೆದು ಒಮ್ಮೆ ಅಲ್ಲಾಡಿಸಿದ. ಗಲಗಲ ಅಂತ ಒಣ ಸದ್ದು. ಕ್ಯಾಂಟೀನಿನಲ್ಲಿ ಎಣ್ಣೆಯಿಂದ ಎತ್ತಿ ಜಾಲರಿಗೆ ಸುರಿದಾಗ ಬರುತ್ತಿದ್ದ ಸದ್ದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚಿಟಿಕೆ ಉಪ್ಪು ಉದುರಿಸಿ, ಹೊಗೆಯಾಡುವಾಗಲೇ ತಟ್ಟೆ ಹಿಡಿದು ಕೋಣೆಗೆ ಓಡಿದ.

ಹೆಂಡತಿ ಒಂದನ್ನು ಎತ್ತಿ, ಬೆರಳು ಸುಟ್ಟುಕೊಂಡು, ಊದಿ, ಕಚ್ಚಿದಳು. ಕರುಂ ಅಂದಿತು. ಅವಳು ಅಗಿಯುವುದನ್ನು ನಿಲ್ಲಿಸಿ ಕೈಯಲ್ಲಿ ಉಳಿದ ಅರ್ಧವನ್ನು ನೋಡಿದಳು. ಆಮೇಲೆ ಎರಡನೆಯದು, ಮೂರನೆಯದು. ತಟ್ಟೆ ಖಾಲಿ ಮಾಡಿದಳು. ಎರಡು ತಿಂಗಳಲ್ಲಿ ಅವಳು ಖಾಲಿ ಮಾಡಿದ ಮೊದಲ ತಟ್ಟೆ ಅದು. ಬಾಣಲೆಪ್ಪ ಚೆನ್ನಾಗಿದೆ ಅನ್ನುವ ಮಾತಿಗೆ ಕಾಯುತ್ತಿದ್ದ.

"ರೀ," ಅಂದಳು, "ಇಷ್ಟು ವರ್ಷ ಕಾರ್ಖಾನೆಯವರು ತಿಂತಿದ್ದದ್ದು ಇದನ್ನಾ?"

ದೂರಿರಲಿಲ್ಲ ಆ ಮಾತಿನಲ್ಲಿ. ಚಿಕ್ಕ ಹುಡುಗಿಯ ಹಾಗೆ ಕಣ್ಣರಳಿಸಿ ಬೆರಗಿನಿಂದ ಕೇಳಿದ್ದಳು. ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ. ಎರಡು ಬಸ್ಸು ಬದಲಿಸುವಷ್ಟರಲ್ಲಿ ಕಾಗದದೊಳಗೆ ಆ ಕಡ್ಡಿಗಳು ಎಷ್ಟು ಮೆತ್ತಗಾಗುತ್ತಿದ್ದವು ಅಂತ ಅವನು ಒಂದು ದಿನವೂ ಒಂದನ್ನು ಬಾಯಿಗೆ ಹಾಕಿ ನೋಡಿರಲಿಲ್ಲ. ಅವಳು ಮುದ್ದೆಯನ್ನು ಸರಿಯಾಗೇ ಹೋಲಿಸಿದ್ದಳು.

"ಹೂಂ ಕಣೇ," ಅಂದ. "ಇದನ್ನೇ."

"ಇನ್ನೂ ಇದೆಯಾ?"

ಅವನು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋಗಿ ಇನ್ನೆರಡು ಆಲೂಗಡ್ಡೆ ಸುಲಿಯಲು ಕೂತ.