ಉದ್ದ ಕಾಲಿನ ಬೆಂಚು

ನಾನು ಜಾಲಿಮರದ ಬೆಂಚು. ಮುರಿದ ಚಕ್ಕಡಿ ಗಾಡಿಯ ಹಲಗೆಗಳಿಂದ ನನ್ನನ್ನು ಮಾಡಿದವರು ಮಾನಪ್ಪ ಬಡಿಗೇರರು. ಮಗಳು ದಾಕ್ಷಾಯಣಿ ವಕೀಲಿ ಓದಿ ಬಂದು, ಬಸ್ ನಿಲ್ದಾಣದ ಹಿಂದೆ ಕಚೇರಿಗೆಂದು ಒಂದು ಕೋಣೆ ಹಿಡಿದಿದ್ದಳು. ಅದರ ನೆಲದ ಒಂದು ಮೂಲೆ ಕುಸಿದಿತ್ತು. ಮಾನಪ್ಪ ಅಳತೆ ತೆಗೆದು ನನ್ನ ಒಂದು ಕಾಲನ್ನು ಎರಡು ಬೆರಳು ಉದ್ದ ಬಿಟ್ಟರು.

"ಸೊಟ್ಟ ನೆಲಕ್ಕ ಸೊಟ್ಟ ಬೆಂಚೇನಪ್ಪಾ?" ಮಗಳು ನಕ್ಕಳು.

"ಕುಂತವರು ಅಲುಗಬಾರದವ್ವಾ. ಕೋರ್ಟಿಗೆ ಬರೋರು ಮೊದಲೇ ನಡುಗತಿರ್ತಾರ."

ನನ್ನ ಮೇಲೆ ಮೊದಲು ಕೂತವಳು ಫಕೀರವ್ವ. ಮೈದುನ ಅವಳ ಹೊಲ ಒತ್ತಿಕೊಂಡಿದ್ದ. ಜಿಲ್ಲಾ ಕೋರ್ಟಿಗೆ ಎರಡು ಬಸ್ಸು ಬದಲಿಸಬೇಕು. ಒಂದು ದಿನ ಎರಡನೆಯ ಬಸ್ಸು ತಪ್ಪಿತು.

"ಹೆಸರು ಕೂಗಿ, ನಾ ಇಲ್ಲಂತ ಕೇಸು ಮುಗಿಸಿದ್ರಂತ ಯವ್ವಾ. ಕೋರ್ಟು ನಮ್ಮೂರಾಗ ಇದ್ದಿದ್ರ ನಡಕೊಂತ ಬರತಿದ್ದೆ."

ದಾಕ್ಷಾಯಣಿ ಆ ಕೇಸನ್ನು ಮತ್ತೆ ತೆರೆಸಿದಳು. ಆದರೆ ಆ ಮಾತು ಅವಳನ್ನು ಬಿಡಲಿಲ್ಲ. ಊರಿಗೆ ಕೋರ್ಟು ತರುತ್ತೇನೆಂದು ಹೇಳಿ ಚುನಾವಣೆಗೆ ನಿಂತಳು.

"ಬಡಿಗ್ಯಾನ ಮಗಳು ಕುರ್ಚಿ ಮಾಡಾಕ ಹೊಂಟಾಳೋ, ಕುಂದರಾಕ ಹೊಂಟಾಳೋ?" ಎದುರು ಪಕ್ಷದವರು ಕೆಣಕಿದರು.

"ಎರಡೂ ಬರತೈತಿ ಆಕಿಗೆ," ಎಂದರು ಮಾನಪ್ಪ, ಹಲಗೆ ನುಣುಪು ಮಾಡುವ ರಂದ ಎಳೆಯುವುದನ್ನು ನಿಲ್ಲಿಸದೆ.

ಗೆದ್ದಳು. ವಿಧಾನಸಭೆಯಲ್ಲಿ ಎರಡು ಸಲ ಕೋರ್ಟು ಕೇಳಿದಳು. ಎರಡೂ ಸಲ, ಸೂಕ್ತ ಕಟ್ಟಡವಿಲ್ಲ ಎಂಬ ಉತ್ತರ ಬಂತು. ಊರಿನ ಹತ್ತಿ ವರ್ತಕರ ಗೋದಾಮು ಖಾಲಿ ಬಿದ್ದಿತ್ತು. ಅದನ್ನು ಕೋರ್ಟಿಗೆ ಬಿಟ್ಟುಕೊಡಲು ಅವಳು ಮನೆಮನೆಗೆ ಹೋಗಿ ಅವರನ್ನು ಒಪ್ಪಿಸಿದಳು. ಮೂರನೆಯ ಸಲ ಅವಳು ಎದ್ದು ನಿಂತು ಹೇಳಿದ್ದನ್ನು ನಾನು ಎದುರಿನ ಚಹಾದಂಗಡಿಯ ಟಿವಿಯಲ್ಲಿ ಕೇಳಿದೆ.

"ಸಭಾಧ್ಯಕ್ಷರೇ, ಕಟ್ಟಡ ಇಲ್ಲಂತ ಸರ್ಕಾರ ಹೇಳೈತಿ. ಕೀಲಿಕೈ ತಂದೀನ್ರಿ."

ಚಹಾದಂಗಡಿಯಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ.

ಅವಳು ಎರಡನೆಯ ಸಲ ಗೆದ್ದ ವರ್ಷ ಗೋದಾಮಿನಲ್ಲಿ ಕೋರ್ಟು ತೆರೆಯಿತು. ಪೀಠೋಪಕರಣ ಇನ್ನೂ ಬಂದಿರಲಿಲ್ಲವೆಂದು ನನ್ನನ್ನೇ ಹೊತ್ತು ತಂದರು. ಫಕೀರವ್ವನ ಕೇಸೂ ಇಲ್ಲಿಗೇ ವರ್ಗವಾಗಿತ್ತು. ಅವಳು ಕೂತದ್ದೇ ತಡ, ನಾನು ಡಗಡಗ ಅಲುಗಿದೆ. ಇಲ್ಲಿಯ ನೆಲ ಸಮವಾಗಿತ್ತು! ನಾಚಿಕೆಯಿಂದ ಕುಗ್ಗಿಹೋದೆ. ಮಾನಪ್ಪ ಗರಗಸ ತರಿಸಿ, ಮೊಣಕಾಲೂರಿ ಆ ಎರಡು ಬೆರಳನ್ನು ಕೊಯ್ದರು.

"ನೆಲ ನೆಟ್ಟಗಾತು. ಇನ್ನ ಉದ್ದ ಕಾಲು ಯಾಕ?" ಎಂದು ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಒಳಗಿನಿಂದ ಕೂಗು ಬಂತು: "ಫಕೀರವ್ವ!"

"ಇಲ್ಲೇ ಅದೀನ್ರಿ," ಎನ್ನುತ್ತ ಅವಳು ಎದ್ದಳು. ಹತ್ತೇ ಹೆಜ್ಜೆ. ಹಿಂದೆಯೇ ಕರಿ ಕೋಟು ತೊಟ್ಟ ಶಾಸಕಿ. ಆ ವರ್ಷವೇ ಹೊಲ ಫಕೀರವ್ವನ ಕೈಗೆ ಬಂತು.

ಈಗ ನನಗೆ ವಯಸ್ಸಾಗಿದೆ. ಸ್ಟೀಲ್ ಕುರ್ಚಿಗಳು ಬಂದ ಮೇಲೆ ವರಾಂಡದ ಮೂಲೆ ನನ್ನ ಪಾಲಿಗೆ ಬಂದಿದೆ. ಚುನಾವಣೆ ಬಿಟ್ಟ ದಾಕ್ಷಾಯಣಿಯೂ ತನ್ನ ಕೇಸಿನ ಸರದಿಗೆ ಕಾಯುತ್ತ ನನ್ನ ಮೇಲೆಯೇ ಕೂರುತ್ತಾಳೆ. ಅವಳ ಪಕ್ಕದಲ್ಲಿ ದಿನಾ ಯಾರೋ ಹೊಸಬರು, ನಡುಗುವ ಕೈಯಲ್ಲಿ ಕಾಗದ ಹಿಡಿದವರು.

ನಾನು ಅಲುಗುವುದಿಲ್ಲ.