ಕಿವಿಯ ಹಿಂದೆ

ಮೇಕಪ್ ಮಾಡುವವಳ ಮುಖ ನೋಡಿದರೆ ಯಾರೂ ಮೇಕಪ್ ಮಾಡಿಸಿಕೊಳ್ಳಲು ಬರುವುದಿಲ್ಲ ಎಂದು ನನ್ನ ತಂಗಿ ಆಗಾಗ ಹಂಗಿಸುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ. ನಸುಕಿನಲ್ಲೇ ಎದ್ದು ಯಾರದೋ ಮದುವೆಗೆ ಹೋಗಿ, ಕನ್ನಡಿಗೆ ಬೆಳಕೇ ಬೀಳದ ಕೋಣೆಯಲ್ಲಿ ನಿಂತು, ಮದುಮಗಳು, ಅವಳ ಅಕ್ಕ, ಅತ್ತಿಗೆ, ಕೊನೆಗೆ "ನಂಗೂ ಒಂಚೂರು ಹಚ್ಚಿಬಿಡಿ" ಎಂದು ನಾಚುತ್ತ ಬರುವ ಸೋದರತ್ತೆ, ಇಷ್ಟೂ ಜನರ ಮುಖ ಮುಗಿಸಿ ಮನೆಗೆ ಬರುವಷ್ಟರಲ್ಲಿ ನನ್ನ ಮುಖ ತೊಳೆದುಕೊಳ್ಳುವುದಕ್ಕೂ ಕೈ ಏಳುವುದಿಲ್ಲ. ಊರಿಗೆಲ್ಲ ಬಣ್ಣ ಹಚ್ಚಿದ ಈ ಕೈ ಮನೆಯಲ್ಲಿ ಒಬ್ಬರ ಕೆನ್ನೆಯನ್ನೂ ಮುಟ್ಟಿರಲಿಲ್ಲ.

ಮನೆಯಲ್ಲಿ ಇರುವುದು ನಾವು ಮೂವರೇ. ಅಮ್ಮ, ನಾನು, ತಂಗಿ. ತಂಗಿ ಔಷಧದ ಅಂಗಡಿಯ ಕೆಲಸ ಬಿಟ್ಟು ಅಡುಗೆಮನೆಯನ್ನೇ ಕಾರ್ಖಾನೆ ಮಾಡಿಕೊಂಡಿದ್ದಳು. ರಾಸಾಯನಿಕವಿಲ್ಲದ ಮೇಕಪ್ ಸಾಮಾನು ತನ್ನದೇ ಹೆಸರಿನಲ್ಲಿ ಮಾರಬೇಕೆಂಬುದು ಅವಳಿಗೆ ಹಿಡಿದ ಹುಚ್ಚು. ಜೇನುಮೇಣ ಕರಗಿಸುತ್ತಿದ್ದಳು, ಬೀಟ್‌ರೂಟ್ ಒಣಗಿಸಿ ಪುಡಿ ಮಾಡುತ್ತಿದ್ದಳು, ಹರಳೆಣ್ಣೆ ಬೆರೆಸುತ್ತಿದ್ದಳು. ಹಾಲು ಕಾಯಿಸುವ ಪಾತ್ರೆಯಲ್ಲಿ ತುಟಿಯ ಬಣ್ಣ ಕುದಿಯುತ್ತಿತ್ತು. ಒಂದು ದಿನ ಅಮ್ಮನ ಕಾಫಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಮ್ಮ ಅದನ್ನು ಪೂರ್ತಿ ಕುಡಿದು, "ತುಟಿಗೆ ಹಚ್ಕೊಳ್ಳೋ ಕೆಲಸ ಉಳೀತು ಬಿಡು" ಎಂದು ಲೋಟ ತೊಳೆಯಲು ಹೋದಳು.

ನನ್ನ ಕಸುಬಿನಲ್ಲಿ ನನ್ನದೊಂದು ನಿಯಮವಿದೆ. ಹೊಸದು ಏನೇ ಇರಲಿ, ಮುಖಕ್ಕೆ ಹೋಗುವ ಮೊದಲು ಅದು ಒಂದು ರಾತ್ರಿ ಕಿವಿಯ ಹಿಂದೆ ಕೂತಿರಬೇಕು. ಬೆಳಿಗ್ಗೆ ಅಲ್ಲಿ ಕೆಂಪಾಗದಿದ್ದರೆ, ತುರಿಕೆ ಬಾರದಿದ್ದರೆ ಮಾತ್ರ ಮುಂದಿನ ಮಾತು. ಮದುಮಗಳು ಹಿಂದಿನ ದಿನ ಬಂದು ಕಿವಿ ತೋರಿಸದಿದ್ದರೆ ನಾನು ಪೆಟ್ಟಿಗೆಯನ್ನೇ ತೆರೆಯುವುದಿಲ್ಲ. ಇದಕ್ಕೇ ನನಗೆ "ಕಿವಿ ಮೇಡಂ" ಎಂಬ ಹೆಸರು ಬಿದ್ದಿದೆ. ತಂಗಿಯ ಡಬ್ಬಿಗಳಿಗೂ ಇದೇ ನಿಯಮ ಎಂದಾಗ ಅವಳಿಗೆ ಮೂಗಿನ ತುದಿಯಲ್ಲೇ ಕೋಪ.

"ಇದು ಪ್ರಕೃತಿದು ಕಣೇ. ಇದಕ್ಕೂ ಕಿವಿ ಬೇಕಾ?"

"ತುರಿಕೆ ಗಿಡಾನೂ ಪ್ರಕೃತಿದೇ. ಹಚ್ಕೋ ಹೋಗು."

ಬೈದುಕೊಂಡೇ ಒಪ್ಪಿದಳು. ಅವಳು ಮಾಡಿದ ಪ್ರತಿಯೊಂದೂ ನನ್ನ ಕಿವಿಯ ಹಿಂದೆ ಮಲಗಿ ಎದ್ದಿತ್ತು, ಯಾವುದೂ ತಂಟೆ ಮಾಡಿರಲಿಲ್ಲ. ಆಮೇಲೆ ಊರಿನ ಉದ್ದಗಲಕ್ಕೂ ಶಾಖೆಗಳಿರುವ ದೊಡ್ಡ ಅಂಗಡಿಯ ಮೇಡಂ ಒಬ್ಬರು ಡಬ್ಬಿ ಮೂಸಿ ನೋಡಿ, ಬಣ್ಣ ಚೆನ್ನಾಗಿದೆ, ಆದರೆ ಅಡುಗೆಮನೆ ವಾಸನೆ ಬರುತ್ತದೆ ಎಂದರು. ಸಾಮಾನು ಬಿಡುಗಡೆ ಮಾಡುವ ಸಮಾರಂಭದ ದಿನ ತಾವೇ ಬಂದು ನೋಡುವುದಾಗಿಯೂ, ಹಿಡಿಸಿದರೆ ತಮ್ಮ ಅಂಗಡಿಗಳಲ್ಲೆಲ್ಲ ಇಡುವುದಾಗಿಯೂ ಹೇಳಿ ಹೋದರು. ತಂಗಿ ಊಟ ನಿದ್ದೆ ಬಿಟ್ಟು ಎಲ್ಲವನ್ನೂ ಮತ್ತೆ ಮಾಡಿದಳು. ಈ ಸಲ ಪರಿಮಳಕ್ಕೆಂದು ದಾಲ್ಚಿನ್ನಿ ಎಣ್ಣೆ ಹಾಕಿದಳು.

ಅದನ್ನು ಅವಳು ನನಗೆ ಹೇಳಿಯೂ ಇದ್ದಳು. ಆ ವಾರ ಮೈಮೇಲೆ ಬಿದ್ದ ಹಾಗೆ ಮದುವೆಗಳು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೇ "ಹೂಂ" ಎಂದಿದ್ದೆ. ಪರೀಕ್ಷೆ ಮಾಡಬೇಕು ಎಂದು ಪ್ರತಿದಿನ ಅಂದುಕೊಂಡು ಪ್ರತಿದಿನ ಹಾಗೇ ಬಿದ್ದುಕೊಳ್ಳುತ್ತಿದ್ದೆ.

ಬಿಡುಗಡೆಯ ದಿನ ವೇದಿಕೆಯ ಮೇಲೆ ನಾನು ಅಮ್ಮನಿಗೆ ಮೇಕಪ್ ಮಾಡಬೇಕೆಂದು ತಂಗಿಯೇ ಗೊತ್ತು ಮಾಡಿದ್ದಳು. "ಚಿಕ್ಕ ಹುಡುಗೀರಿಗೆ ಏನ್ ಹಚ್ಚಿದ್ರೂ ಚೆಂದ. ಅಮ್ಮನ ಮುಖದ್ ಮೇಲೆ ಕೂತ್ರೆ ಜನ ನಂಬ್ತಾರೆ" ಎಂದಿದ್ದಳು. ಅಮ್ಮ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಜನ್ಮದಲ್ಲಿ ಪೌಡರಿನಿಂದ ಆಚೆ ಹೋದವಳಲ್ಲ. ಆದರೆ ಅವತ್ತಿನಿಂದ ಕನ್ನಡಿಯ ಮುಂದೆ ಕೂತು, ರೆಪ್ಪೆ ಅಲುಗದಂತೆ ಕಣ್ಣು ಮುಚ್ಚುವುದನ್ನು ಅಭ್ಯಾಸ ಮಾಡತೊಡಗಿದಳು.

"ನಿನ್ನ ಕೈ ನನ್ನ ಮುಖಕ್ಕೆ ಬರೋಕೆ ಇವಳು ಕಂಪನಿ ತೆಗೀಬೇಕಾಯ್ತು ನೋಡು" ಎಂದು ನಕ್ಕಳು. ನಾನೂ ನಕ್ಕೆ.

ಬಿಡುಗಡೆ ಒಂದು ಬಟ್ಟೆ ಅಂಗಡಿಯ ಮೇಲಿನ ಬಾಡಿಗೆ ಸಭಾಂಗಣದಲ್ಲಿ. ಪ್ರತಿ ಕುರ್ಚಿಯ ಮೇಲೂ ತಂಗಿ ಒಂದೊಂದು ಪುಟ್ಟ ಡಬ್ಬಿ ಇಟ್ಟಿದ್ದಳು. ಅಂಗಡಿಯ ಮೇಡಂ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅಮ್ಮ ಹೊಸ ಸೀರೆ ಉಟ್ಟು, ಕುತ್ತಿಗೆಗೆ ಟವೆಲ್ ಕಟ್ಟಿಸಿಕೊಂಡು, ಫೋಟೋಗೆ ಕೂತವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ದಿನವೂ ಕೂದಲನ್ನು ಎಳೆದು ಗಂಟು ಹಾಕುವವಳು ಅವತ್ತು ಕಿವಿ ಮುಚ್ಚುವಂತೆ ಸಡಿಲ ಬಿಟ್ಟಿದ್ದಳು. ಪರವಾಗಿಲ್ಲವೇ, ಅಮ್ಮನಿಗೂ ಶೋಕಿ ಬಂತು ಎಂದುಕೊಂಡೆ.

ತಂಗಿ ಮೈಕು ಹಿಡಿದಳು, ನಾನು ಮಾತಾಡಿದೆ. ಇದೇ ಪಾಠ ಎಷ್ಟೋ ಕಡೆ ಒಪ್ಪಿಸಿ ಒಪ್ಪಿಸಿ ಬಾಯಿ ತಾನಾಗಿ ನಡೆಯುತ್ತದೆ. ಮೊದಲು ಬೆರಳಲ್ಲಿ ಬಿಸಿ ಮಾಡಿಕೊಳ್ಳಿ. ಉಜ್ಜಬೇಡಿ, ಒತ್ತಿ. ಗೋಡೆಗೆ ಸುಣ್ಣ ಹೊಡೆದ ಹಾಗೆ ಹೊಡೆಯಬೇಡಿ, ಚರ್ಮ ಕಾಣಲಿ, ಸುಕ್ಕೂ ಕಾಣಲಿ, ಅದೇನು ಕಳ್ಳತನದ ಮಾಲಲ್ಲ. ವಯಸ್ಸಾದವರ ಕೆನ್ನೆಗೆ ಬಣ್ಣ ನಕ್ಕಾಗ ಉಬ್ಬುವ ಜಾಗದಲ್ಲಿ ಬೇಡ, ಅದಕ್ಕಿಂತ ಒಂದು ಬೆರಳು ಮೇಲೆ, ಇಲ್ಲದಿದ್ದರೆ ಮುಖ ಇನ್ನಷ್ಟು ಜೋಲು ಕಾಣುತ್ತದೆ. ಜನ ನಗುತ್ತಿದ್ದರು. ತಂಗಿ ಮೈಕು ಹಿಡಿದೇ ವೇದಿಕೆಯ ಅಂಚಿಗೆ ಹೋಗಿ ಅವರಿಗೆ ಡಬ್ಬಿ ತೋರಿಸುತ್ತಿದ್ದಳು. ಡಬ್ಬಿಯಿಂದ ಬಣ್ಣ ತೆಗೆದು ಬೆರಳ ಮೇಲೆ ಬಿಸಿ ಮಾಡುತ್ತ, ಇನ್ನೊಂದು ಕೈಯಿಂದ ಅಮ್ಮನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದೆ.

ಅಲ್ಲಿ ಚರ್ಮ ಬೆಂದ ಹಾಗೆ ಕೆಂಪಾಗಿತ್ತು. ಊದಿಕೊಂಡಿತ್ತು, ಸಣ್ಣ ಸಣ್ಣ ನೀರುಗುಳ್ಳೆ ಎದ್ದಿದ್ದವು.

ಅಮ್ಮ ತಟ್ಟನೆ ನನ್ನ ಮಣಿಕಟ್ಟು ಹಿಡಿದಳು. "ಸುಮ್ನೆ ಹಚ್ಚೇ" ಎಂದು ಪಿಸುಗುಟ್ಟಿದಳು.

"ಯಾವಾಗ ಆಯ್ತಮ್ಮ ಇದು?"

"ನಿನ್ನೆ. ನೀನು ಸುಸ್ತಾಗಿ ಮಲಗಿದ್ದೆ. ಎಬ್ಬಿಸೋದ್ಯಾಕೆ ಅಂತ ನಾನೇ ಹಚ್ಕೊಂಡು ನೋಡ್ದೆ. ಸ್ವಲ್ಪ ಹೊತ್ತು ತಾನೆ, ತಡ್ಕೋತೀನಿ. ಹಚ್ಚು."

ಬಣ್ಣದ ಬೆರಳು ಹಾಗೇ ನಿಂತಿತು. ತೆಳುವಾಗಿ ಹಚ್ಚಿ ಬೇಗ ಒರೆಸಿಬಿಡಬಹುದು ಎಂದು ಮನಸ್ಸು ಹೇಳಿತು. ನನ್ನ ಪೆಟ್ಟಿಗೆಯಿಂದ ಬೇರೆ ಬಣ್ಣ ತೆಗೆದು ಇದೇ ಅದು ಎಂದರೂ ಆ ಸಭೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಎದುರಿಗೆ ಕುರ್ಚಿ ಕುರ್ಚಿಗೂ ಡಬ್ಬಿ ಇತ್ತು. ಒಬ್ಬ ಹುಡುಗಿ ಆಗಲೇ ಮುಚ್ಚಳ ತಿರುಗಿಸುತ್ತಿದ್ದಳು. ನನಗೆ ತಂಗಿಯ ಮೇಲೆ ಸಿಟ್ಟು ಬಂತು, ಅಮ್ಮನ ಮೇಲೆ ಸಿಟ್ಟು ಬಂತು, ಗೋಡೆಗೆ ಒರಗಿ ಹೂಂ ಎಂದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ತಂಗಿಯ ಇಷ್ಟು ದಿನದ ದುಡಿಮೆಯನ್ನು ಮುರಿಯುವ ಕೆಲಸವೂ ನನ್ನ ತಲೆಗೇ ಬರಬೇಕೇ ಎನಿಸಿತು.

"ಆ ದೀಪ ಸ್ವಲ್ಪ ಈ ಕಡೆ ಹಿಡಿ ಬಾ" ಎಂದು ಮೇಕಪ್‌ನ ಕೈದೀಪ ತೋರಿಸಿ ತಂಗಿಯನ್ನು ಕರೆದೆ.

ಬಂದಳು. ನೋಡಿದಳು. ಮೈಕನ್ನು ಅಂಗೈಯಿಂದ ಮುಚ್ಚಿದಳು.

"ಈಗ್ಲೇ ನೋಡ್ಬೇಕಿತ್ತಾ ನೀನು?"

"ಮೊದ್ಲೇ ನೋಡ್ಬೇಕಿತ್ತು. ನೋಡ್ಲಿಲ್ಲ. ಈಗ ನೀನ್ ಹೇಳು, ಹಚ್ಲಾ?"

"ನಂಗೇನೂ ಆಗಿಲ್ಲ ಕಣ್ರೇ" ಎಂದಳು ಅಮ್ಮ ನಡುವೆ.

ತಂಗಿ ಅಮ್ಮನ ಕಿವಿಯನ್ನೇ ನೋಡುತ್ತ ನಿಂತಳು. ಹಚ್ಚು ಎಂದುಬಿಡುತ್ತಾಳೇನೋ ಎಂದು ನನಗೆ ಜೀವ ಹಾರಿತು, ಅಂದಿದ್ದರೆ ನಾನು ಹಚ್ಚಿಬಿಡುತ್ತಿದ್ದೆನೋ ಏನೋ. ಅವಳು ಜನರ ಕಡೆ ತಿರುಗಿದಳು. "ಇವತ್ತು ಹಚ್ಚಲ್ಲ. ಹೊಸದಾಗಿ ಹಾಕಿದ್ದೊಂದು ನಮ್ಮಮ್ಮನಿಗೆ ಆಗಿ ಬಂದಿಲ್ಲ. ದಯವಿಟ್ಟು ಯಾರೂ ಡಬ್ಬಿ ತೆಗೀಬೇಡಿ" ಎಂದಳು. ಮುಂದೆ ಏನೋ ಹೇಳಲು ಹೋದವಳು ಮೈಕನ್ನು ಕೆಳಗಿಟ್ಟಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಂಗಡಿಯ ಮೇಡಂ ಕಾಫಿ ಮುಗಿಸಿ, ಮುಂದೆ ನೋಡೋಣ ಎಂದು ಸೌಜನ್ಯವಾಗಿ ಹೇಳಿ ಹೊರಟರು. ಮುಂದೆ ನೋಡೋಣ ಎಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಂಗಿ ಕುರ್ಚಿಯಿಂದ ಕುರ್ಚಿಗೆ ಹೋಗಿ ಡಬ್ಬಿಗಳನ್ನು ತಾನೇ ಎತ್ತಿಕೊಂಡಳು. ಮುಚ್ಚಳ ತೆಗೆದಿದ್ದ ಆ ಹುಡುಗಿಯ ಕೈಯನ್ನು ಒದ್ದೆ ಹತ್ತಿಯಿಂದ ಮತ್ತೆ ಮತ್ತೆ ಒರೆಸಿ ಕಳಿಸಿದಳು.

ವೇದಿಕೆಯ ಹಿಂದೆ ಮುರಿದ ಕುರ್ಚಿಗಳನ್ನು ಪೇರಿಸಿದ್ದ ಒಂದು ಕೋಣೆಯಿತ್ತು. ತಂಗಿ ಅಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ನೆಲ ನೋಡುತ್ತಿದ್ದಳು. ನಾನು ಬ್ರಶ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಮೂವರಿಗೂ ಸಾಕಾಗಿ ಹೋಗಿತ್ತು.

"ಹಂಗಾದ್ರೆ ಇವತ್ತೂ ಇಲ್ವಾ?" ಎಂದಳು ಅಮ್ಮ.

ಬಿಡುಗಡೆಯ ಮಾತಾಡುತ್ತಿದ್ದಾಳೆ ಎಂದುಕೊಂಡು ತಿರುಗಿದೆ. ಅವಳು ಇನ್ನೂ ಕುತ್ತಿಗೆಗೆ ಟವೆಲ್ ಕಟ್ಟಿಕೊಂಡೇ, ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದಳು. ತಂಗಿಯ ಕೆಲಸ ಕೆಡಬಾರದು ಎಂದಷ್ಟೇ ಅವಳು ಕಿವಿ ಮುಚ್ಚಿಕೊಂಡು ಬಂದಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

"ಅದು ಆರೋವರೆಗೂ ಮುಖಕ್ಕೆ ಏನೂ ಹಚ್ಚಬಾರದಮ್ಮ."

"ಗೊತ್ತು ಬಿಡು" ಎಂದು ಟವೆಲಿನ ಗಂಟಿಗೆ ಕೈ ಹಾಕಿದಳು. ಆ ಗಂಟು ಬಿಚ್ಚುವುದನ್ನು ನೋಡಲು ನನ್ನಿಂದ ಆಗಲಿಲ್ಲ.

"ಬಿಚ್ಬೇಡ. ಕಣ್ಮುಚ್ಚು."

ಯಾರ ಮುಖಕ್ಕೂ ಇನ್ನೂ ತಾಗದ ಒಂದು ಹೊಸ ಬ್ರಶ್ ಇತ್ತು. ಅದನ್ನು ತೆಗೆದೆ, ಯಾವ ಡಬ್ಬಿಗೂ ಅದ್ದಲಿಲ್ಲ. ಹಣೆಯಿಂದ ಶುರು ಮಾಡಿದೆ. ಮೂಗಿನ ಪಕ್ಕ, ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ, ನಕ್ಕಾಗ ಉಬ್ಬುವ ಜಾಗಕ್ಕಿಂತ ಒಂದು ಬೆರಳು ಮೇಲೆ. ರೆಪ್ಪೆಗೂ ಹಚ್ಚಿದೆ, ತುಟಿಯ ಅಂಚನ್ನೂ ತಿದ್ದಿದೆ. ಕಿವಿಯ ಹತ್ತಿರ ಮಾತ್ರ ಹೋಗಲಿಲ್ಲ. ತಂಗಿ ಯಾರೂ ಹೇಳದೆ ಎದ್ದು ಬಂದು ದೀಪ ಹಿಡಿದಳು. ಸೊಂಟ ಮುರಿದು ಬೀಳುವಂತಿತ್ತು, ಆದರೂ ಒಂದನ್ನೂ ಬಿಡದೆ ನಿಧಾನವಾಗಿಯೇ ಮಾಡಿದೆ. ಅಮ್ಮನ ರೆಪ್ಪೆ ಒಂದು ಸಲವೂ ಅಲುಗಲಿಲ್ಲ.

ಮುಗಿದ ಮೇಲೆ ಕನ್ನಡಿ ಕೊಟ್ಟೆ. ಅಮ್ಮ ಮುಖವನ್ನು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು, ಕನ್ನಡಿಯನ್ನು ದೂರ ಹಿಡಿದು ನೋಡಿದಳು.

"ಚೆನ್ನಾಗ್ ಬಂದಿದೆ" ಎಂದಳು. "ಕೆನ್ನೆಗೆ ಮಾತ್ರ ಸ್ವಲ್ಪ ಜಾಸ್ತಿ ಆಯ್ತೇನೋ."

ನಾನು ಹತ್ತಿ ತೆಗೆದುಕೊಂಡು ಅವಳ ಕೆನ್ನೆಯಿಂದ ಒಂಚೂರು ಒರೆಸಿದೆ.