ಮಾತಿಗೆ ಬಿದ್ದ ಸುಂಕ

"ಹಲೋ, ಗವಿಸಿದ್ದೇಶ್ ಅವ್ರಾ? ನಾನು ಸುಂಕಪ್ಪ ಮಾತಾಡೋದ್ರಿ. ಫಾರಿನ್ನಿಂದ ನಿಮ್ಮ ಪಾರ್ಸಲ್ ಬಂದೈತಿ. ಅದರ ಮ್ಯಾಲೆ ಸುಂಕ ಐತಿ."

ಗವಿಸಿದ್ದೇಶ್ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದ. ಗೊತ್ತಿಲ್ಲದ ನಂಬರು. ಸುಂಕ ಕೇಳುವವನ ಹೆಸರು ಸುಂಕಪ್ಪ! ಸುಳ್ಳು ಹೇಳುವವನಿಗೂ ಒಂದಿಷ್ಟು ಮರ್ಯಾದೆ ಬೇಡವೇ? ನಾಳೆ ಕರೆಂಟ್ ಬಿಲ್ಲಿನವನು ಬಂದು ನನ್ನ ಹೆಸರು ಬಿಲ್ಲಪ್ಪ ಅಂದರೆ ಅದನ್ನೂ ನಂಬಬೇಕೇನು?

ಇದು ಹುಲುಗೇಶನದೇ ಕೆಲಸ ಅನ್ನುವುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ ಹುಲುಗೇಶ ಕಾಲೇಜಿನ ಗೆಳೆಯ, ಕಾಲೇಜಿನ ಕಾಲದಿಂದಲೂ ಮಿಮಿಕ್ರಿಯಲ್ಲಿ ಎದುರಾಳಿ. ಹತ್ತು ದಿನದ ಹಿಂದಷ್ಟೇ ದಿಲ್ಲಿಯ ಕಸ್ಟಮ್ಸ್ ಆಫೀಸರನ ದನಿ ತೆಗೆದು, ಅರ್ಧ ಹಿಂದಿಯಲ್ಲಿ ಗದರಿಸಿ, ಫೋನಿನಲ್ಲೇ ಗವಿಸಿದ್ದೇಶನನ್ನು ಐದು ನಿಮಿಷ ಎಬ್ಬಿಸಿ ನಿಲ್ಲಿಸಿ, ಕೊನೆಗೆ ಅವನ ಬೂಟಿನ ಅಳತೆ ಕೇಳಿ ಬರೆದುಕೊಂಡಿದ್ದ. ಅದರ ಬಾಕಿ ತೀರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೆ?

ಗವಿಸಿದ್ದೇಶ್ ಗಂಟಲು ಸರಿಮಾಡಿಕೊಂಡ. ಗಂಟಲೇ ಅವನ ಅನ್ನ. ಬಳ್ಳಾರಿಯಲ್ಲಿ ಆಟೋಗಳ ತಲೆಯ ಮೇಲೆ ಮೈಕು ಕಟ್ಟಿಕೊಂಡು ತಿರುಗುವ ಜಾಹೀರಾತುಗಳಲ್ಲಿ ಅರ್ಧಕ್ಕರ್ಧ ಅವನದೇ ದನಿ. ಜೀನ್ಸ್ ಪ್ಯಾಂಟಿನ ಸೇಲಿಗೆ ಒಂದು ಗಂಟಲು, ಬೋರ್‌ವೆಲ್ ರಿಪೇರಿಗೆ ಒಂದು, ಕಣ್ಣಿನ ಶಿಬಿರಕ್ಕೆ ಇನ್ನೊಂದು. ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ ಮಹಡಿ ಮೇಲಿನ ಗೂಡಿನಂಥ ಕೋಣೆಯೇ ಅವನ ಸ್ಟುಡಿಯೋ.

"ನೀವು ಕರೆ ಮಾಡಿರುವ ಚಂದಾದಾರರು," ಎಂದು ಹೆಣ್ಣುದನಿಯಲ್ಲಿ ಶುರು ಮಾಡಿದ, "ಸದ್ಯಕ್ಕೆ ಸುಂಕ ಕಟ್ಟುವ ಮನಸ್ಸಿನಲ್ಲಿಲ್ಲ. ದಯವಿಟ್ಟು ಮುಂದಿನ ಜನ್ಮದಲ್ಲಿ ಪ್ರಯತ್ನಿಸಿ."

"ಹಲೋ? ಏನಂದ್ರಿ?"

ಗವಿಸಿದ್ದೇಶ್ ತಕ್ಷಣ ಮುದಿ ಗೌಡನಾದ. "ಏ ಸುಂಕ! ಯಾವ ಸುಂಕಲೇ? ನನಗ ಪಾರ್ಸಲ್ಲೂ ಬ್ಯಾಡ, ಗೀರ್ಸಲ್ಲೂ ಬ್ಯಾಡ. ಎಲ್ಲಿಂದ ಬಂದೈತೋ ಅಲ್ಲಿಗೇ ಕಳಿಸು."

"ಖರೇನ ಬ್ಯಾಡೇನ್ರಿ? ತಗೊಳ್ಳಾಕ ಒಲ್ಲೆ ಅಂದ್ರು ಅಂತ ಬರ್ಕೋಬೇಕಾಗತೈತಿ."

"ಬರ್ಕೊ. ದಪ್ಪ ಅಕ್ಷರದಾಗ ಬರ್ಕೊ."

"ಆತ್ರಿ," ಎಂದಿತು ಆ ಕಡೆಯ ದನಿ. ಫೋನು ಇಟ್ಟ ಸದ್ದಾಯಿತು.

ಆ 'ಆತ್ರಿ' ಮಾತ್ರ ಗವಿಸಿದ್ದೇಶನ ಕಿವಿಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಹುಲುಗೇಶನಾಗಿದ್ದರೆ ಇಷ್ಟು ಹೊತ್ತಿಗೆ ನಗೆ ಸಿಡಿಯಬೇಕಿತ್ತು. ಈ ದನಿಯಲ್ಲಿ ನಗೆ ಇರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ತುಳಿದು ಬಂದವನ ದಣಿವು ಇತ್ತು. ದಣಿವಿನ ಮಿಮಿಕ್ರಿ ಮಾಡುವಷ್ಟು ಹುಲುಗೇಶ ಇನ್ನೂ ಬೆಳೆದಿರಲಿಲ್ಲ.

ಅವನಿಗೇ ಫೋನು ಹಚ್ಚಿದ. ಹಿಂದೆ ಗಿರಣಿ ದಡದಡ ಎನ್ನುತ್ತಿತ್ತು.

"ಲೇ ಹುಲುಗ್ಯಾ, ಈಗ ನನಗ ಫೋನ್ ಮಾಡಿದ್ದು ನೀನ ಹೌದಲ್ಲೋ?"

"ಏ ಮಾರಾಯ, ಮುಂಜಾನಿಂದ ಲಾರಿ ಲೋಡ್ ಮಾಡ್ಸಕತ್ತೀನಿ. ಉಗುಳು ನುಂಗಾಕ ಪುರುಸೊತ್ತಿಲ್ಲ."

"ಹಂಗಾದ್ರ ಸುಂಕಪ್ಪ ಯಾರು?"

"ನಮ್ಮ ಮಾವನ ಹೆಸರು ಸುಂಕಪ್ಪ. ನಮ್ಮ ಹಮಾಲರಾಗ ಇಬ್ಬರು ಸುಂಕಪ್ಪ ಅದಾರ, ಒಬ್ಬಾಕಿ ಸುಂಕಮ್ಮ. ನಮ್ಮ ಸೀಮಿಯಾಗ ಸುಂಕ್ಲಮ್ಮ ದೇವಿ ಹೆಸರು ಇಟ್ಕೊಳ್ಳದ ಮನಿ ಯಾವುದಲೇ? ಏನಾತು?"

ಗವಿಸಿದ್ದೇಶ್ ಫೋನು ಕಟ್ ಮಾಡಿದ. ಹಾಗಾದರೆ ಆ ಸುಂಕಪ್ಪನೂ ನಿಜ, ಪಾರ್ಸಲ್ಲೂ ನಿಜ.

ಆ ಪಾರ್ಸಲ್ ಅವನ ಸೋದರತ್ತೆ ಅಂಬಮ್ಮನದು. ಕುರುಗೋಡಿನ ಬಸ್‌ಸ್ಟ್ಯಾಂಡ್ ಹತ್ತಿರ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜಿ ಮಾಡಿ ಮಾರುವ ಅಂಬಮ್ಮನ ದನಿ ಒಂದು ಕಾಲಕ್ಕೆ ಹೊರಟ ಬಸ್ಸನ್ನೂ ನಿಲ್ಲಿಸುವಂಥದ್ದು. ಗವಿಸಿದ್ದೇಶ್ ಬಿ.ಎ. ಓದಿದ್ದು ಅವಳ ಮನೆಯಲ್ಲಿದ್ದುಕೊಂಡು, ಮೊಟ್ಟಮೊದಲು ಮಿಮಿಕ್ರಿ ಮಾಡಿದ್ದೂ ಅವಳ ದನಿಯನ್ನೇ. ಹೋದ ವರ್ಷ ಗಂಟಲಲ್ಲಿ ಗಡ್ಡೆ ಎಂದು ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಅಂಬಮ್ಮನಿಗೆ ಬರೆಯಲು ಬಾರದು. ತುಟಿ ಆಡಿಸುವುದು, ಸಿಟ್ಟು ಬಂದರೆ ಮಿರ್ಚಿ ಎತ್ತುವ ತೂತಿನ ಸೌಟು ಜಾರಿಯನ್ನು ಬಾಣಲೆಯ ಅಂಚಿಗೆ ಬಡಿಯುವುದು, ಇಷ್ಟೇ ಅವಳ ಮಾತಾಯಿತು.

ಆಗ ಗವಿಸಿದ್ದೇಶ್ ಡಬ್ಬಿಂಗ್ ಶುರು ಮಾಡಿದ. ಊರಿಗೆ ಬಂದಾಗಲೆಲ್ಲ ಅವಳ ಪಕ್ಕ ನಿಂತು, ಅವಳ ತುಟಿ ನೋಡಿ, ಅವಳದೇ ಹಳೆಯ ದನಿಯಲ್ಲಿ ಮಾತಾಡುವನು. ಗಿರಾಕಿಗಳು ತಿರುಗಿ ತಿರುಗಿ ನೋಡುವರು. ಆದರೆ ಸುಮ್ಮನಿದ್ದರೆ ಅವನು ಗವಿಸಿದ್ದೇಶನೇ? ಅತ್ತೆ "ಉಪ್ಪು ಕಡಿಮಿ ಆಗೈತಿ" ಎಂದು ತುಟಿ ಆಡಿಸಿದರೆ, ಇವನು "ನಮ್ಮ ಗವಿಗೆ ಇನ್ನೊಂದು ಪ್ಲೇಟು ಹಾಕ್ರಿ, ಕೂಸು ಸೊರಗೈತಿ" ಎನ್ನುವನು. ಜನ ನಗುವರು. ಜಾರಿ ಠಣ್ ಎನ್ನುವುದು.

ಒಂದು ದಿನ ಬಾದನಹಟ್ಟಿಯ ಹೆಂಗಸೊಬ್ಬಳು ಬಂದು, "ಹೆಂಗದಿಯಬೇ ಅಂಬಕ್ಕ?" ಎಂದು ಕೈ ಹಿಡಿದಳು. ಅಂಬಮ್ಮ ಬಹಳ ಹೊತ್ತು ತುಟಿ ಆಡಿಸಿದಳು. ಗವಿಸಿದ್ದೇಶನಿಗೆ ಅರ್ಧವೂ ತಿಳಿಯಲಿಲ್ಲ. "ಆರಾಮ ಅದೀನವ್ವಾ, ಮಿರ್ಚಿ ತಿನ್ನು," ಎಂದುಬಿಟ್ಟ. ಆ ಹೆಂಗಸು ನಕ್ಕು ಹೋದಳು. ಅಂಬಮ್ಮ ತುಟಿ ಮುಚ್ಚಿದಳು. ಅವತ್ತೆಲ್ಲ ಮತ್ತೆ ತೆರೆಯಲಿಲ್ಲ. ಜಾರಿ ಕೂಡ ಸುಮ್ಮನಿತ್ತು.

ಮರುದಿನವೇ ಅವನು ಬಳ್ಳಾರಿಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹತ್ತಿರ ಅತ್ತೆಯನ್ನು ಕರೆದುಕೊಂಡು ಹೋದ. ಅವರು ಟಾರ್ಚಿನಷ್ಟು ದೊಡ್ಡ ಯಂತ್ರವೊಂದನ್ನು ಅವಳ ಕತ್ತಿಗೆ ಒತ್ತಿದರು. ಯಂತ್ರ ಗುಂಯ್ ಎಂದಿತು, ಅಂಬಮ್ಮನ ತುಟಿ ಆ ಗುಂಯ್ಯನ್ನು ಎರಡು ಮಾತಾಗಿ ಕತ್ತರಿಸಿತು. ಅಂಥದ್ದೇ ಒಂದನ್ನು ಜರ್ಮನಿಯಿಂದ ತರಿಸಬೇಕು ಎಂದರು ಮೇಡಂ. ಅಂಬಮ್ಮ ತನ್ನ ಕಿವಿಯ ಬುಗುಡಿ ಬಿಚ್ಚಿ ಮೇಜಿನ ಮೇಲಿಟ್ಟಳು. ಗವಿಸಿದ್ದೇಶ್ ತನ್ನ ಹೆಸರಿನಲ್ಲಿ, ಅತ್ತೆಯ ಮನೆಯ ವಿಳಾಸಕ್ಕೆ ಫೋನಿನಲ್ಲೇ ಆರ್ಡರ್ ಮಾಡಿ, ಕಳಿಸುವ ಖರ್ಚನ್ನೂ ಸೇರಿಸಿ ಕಟ್ಟಿ, ಎಲ್ಲ ಮುಗಿಯಿತು ಅಂದುಕೊಂಡ. ದೇಶದ ಬಾಗಿಲಲ್ಲಿ ಇನ್ನೊಂದು ಕೈ ಚಾಚಿರುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ; ಹುಲುಗೇಶನ ಆಟದ ಮೇಲಂತೂ ಸುಂಕ ಎಂದರೆ ಬರೀ ತಮಾಷೆಯಾಗಿತ್ತು. 'ಒಮ್ಮೆ ಕಳಿಸಿದ್ದನ್ನು ವಾಪಸ್ ಪಡೆಯುವುದಿಲ್ಲ, ಹಣ ಮರಳಿಸುವುದಿಲ್ಲ' ಎಂದು ಮಾರಿದವರು ಬರೆದಿದ್ದು ಮಾತ್ರ ಈಗ ಚೆನ್ನಾಗಿ ನೆನಪಾಯಿತು.

ಅತ್ತೆಗೆ ಬಂದ ಮಾತನ್ನು ಅವನು ಎರಡು ದನಿ ತೆಗೆದು ವಾಪಸ್ ಕಳಿಸಿದ್ದ.

ಕೂಡಲೇ ಆ ನಂಬರಿಗೆ ಹಚ್ಚಿದ.

"ಸುಂಕಪ್ಪಣ್ಣ, ತಪ್ಪಾತ್ರಿ. ನಾನು ಗವಿಸಿದ್ದೇಶ್. ಪಾರ್ಸಲ್ ಬೇಕ್ರಿ."

"ಈಗ ಮಾತಾಡೋರು ಯಾರ‍್ರಿ? ಆ ಹೆಣ್ಮಗಳೋ, ಗೌಡ್ರೋ?"

"ಇದು ನನ್ನ ಖರೇ ದನಿರಿ!"

"ಖರೇ ಅಂತ ನಾ ಹೆಂಗ ನಂಬಲಿ? ಗೌಡ್ರ ದನಿನೂ ಇಷ್ಟ ಖರೇ ಇತ್ತು. ನೋಡ್ರಿ, ನಿನ್ನಿ ನಿಮ್ಮ ಮನಿಗೆ ಹೋಗಿದ್ದೆ. ಆ ಯಮ್ಮ ಏನೋ ಹೇಳಿದ್ರು, ನನಗ ತಿಳೀಲಿಲ್ಲ. ಅದಕ್ಕ ನಿಮಗ ಫೋನ್ ಮಾಡಿದೆ. ನೀವು ನೋಡಿದ್ರ ಹಿಂಗ. ಆಧಾರ್ ತಗೊಂಡು ಕುರುಗೋಡು ಪೋಸ್ಟಾಫೀಸಿಗೆ ಬರ‍್ರಿ. ಮೂರಕ್ಕ ಚೀಲ ಕಟ್ಟತೀವಿ. ಕಟ್ಟಿದ ಮ್ಯಾಲೆ ನನ್ನ ಕೈಯಾಗ ಇಲ್ಲ."

ಗಡಿಯಾರದಲ್ಲಿ ಎರಡು ಗಂಟೆ. ಗವಿಸಿದ್ದೇಶ್ ಬೈಕು ಹತ್ತಿದ. ಊರಿಗೆಲ್ಲ ದನಿ ಹಂಚಿದವನು ತನ್ನದೇ ದನಿಗೆ ಸಾಕ್ಷಿ ಸಿಗದೆ ಕಾರ್ಡು ಜೇಬಿಗಿಟ್ಟುಕೊಂಡು ಓಡುತ್ತಿದ್ದ. ಕೊಳಗಲ್ಲು ದಾಟುವಾಗ ಕುರಿಮಂದೆ ಅಡ್ಡ ಬಂತು. ಹಾರ್ನು ಕೆಲಸ ಮಾಡಲಿಲ್ಲ. ಬಾಯಲ್ಲೇ ಲಾರಿಯ ಹಾರ್ನು ಹೊಡೆದ. ಕುರಿಗಳು ನಂಬಿದವು. ಅಷ್ಟಾದರೂ ನಂಬುವವರು ಸಿಕ್ಕರಲ್ಲ ಅನ್ನಿಸಿತು.

ಪೋಸ್ಟಾಫೀಸಿನ ಮೆಟ್ಟಿಲು ಹತ್ತಿದಾಗ ಮೂರಕ್ಕೆ ಹತ್ತು ನಿಮಿಷ. ಪೋಸ್ಟ್ ಮಾಸ್ಟರ್ ಕೊಟ್ರಮ್ಮ ಕನ್ನಡಕದ ಮೇಲಿಂದ ನೋಡಿದರು. ಪಕ್ಕದಲ್ಲಿ ಖಾಕಿ ಅಂಗಿಯ ಬಡಕಲು ಮನುಷ್ಯ ಚೀಲದ ಬಾಯಿ ಹಿಡಿದು ನಿಂತಿದ್ದ. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು: ಸುಂಕಪ್ಪ ಹೆಚ್.

"ಇವ್ರೇನೋ?" ಎಂದರು ಕೊಟ್ರಮ್ಮ.

"ದನಿ ಕೇಳದ ಹೆಂಗ ಹೇಳ್ಲಿ ಮೇಡಂ?"

ಕೊಟ್ರಮ್ಮ ಆಧಾರ್ ಕಾರ್ಡು ನೋಡಿ, ಮುಖ ನೋಡಿ, ಪೆನ್ನು ಕೆಳಗಿಟ್ಟರು. "ಪಾರ್ಸಲ್ ಒಲ್ಲೆ ಅಂದೋರೂ ನೀವ, ಬೇಕು ಅನ್ನೋರೂ ನೀವ ಅಂತ ನನಗ ಖಾತ್ರಿ ಆಗಬೇಕಲ್ಲ. ಆ ಫೋನಿನ ಹೆಣ್ಮಗಳ ದನಿಯಾಗ ಒಮ್ಮೆ ಹೇಳ್ರಿ ನೋಡೂನು."

ಗವಿಸಿದ್ದೇಶ್ ಕೈ ಕಟ್ಟಿ ನಿಂತ. "ನೀವು ಕರೆ ಮಾಡಿರುವ ಚಂದಾದಾರರು ಈಗ ಸುಂಕ ಕಟ್ಟುವ ಮನಸ್ಸಿನಲ್ಲಿದ್ದಾರೆ. ದಯವಿಟ್ಟು ಚೀಲ ಕಟ್ಟಬೇಡಿ."

ಪಿಂಚಣಿಗೆಂದು ಬಂದು ಕುಳಿತಿದ್ದ ಮುದುಕಿಯರು ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಕ್ಕರು. ಕೊಟ್ರಮ್ಮನ ಕನ್ನಡಕ ಅಲುಗಾಡಿತು. "ಇವ್ರ, ಇವ್ರ!" ಎಂದ ಸುಂಕಪ್ಪ. "ಪುಣ್ಯಕ್ಕ ಇನ್ನೂ ಕಂಪ್ಯೂಟರಿಗೆ ಏರಿಸಿಲ್ಲರಿ," ಎಂದು ಚೀಲದೊಳಗಿಂದ ಪೆಟ್ಟಿಗೆ ಎತ್ತಿ ಮೇಜಿನ ಮೇಲಿಟ್ಟ.

ಗವಿಸಿದ್ದೇಶ್ ಉಸಿರು ಬಿಟ್ಟ. ಬಳ್ಳಾರಿಯಲ್ಲಿ ಎಳೆದುಕೊಂಡ ಉಸಿರು ಅದು.

ಪೆಟ್ಟಿಗೆಗೆ ಅಂಟಿಸಿದ ಚೀಟಿಯನ್ನು ಕೊಟ್ರಮ್ಮ ಬೆರಳಿಟ್ಟು ಓದಿ ಹೇಳಿದರು. ಸಾಮಾನಿನ ಬೆಲೆಯ ಮೇಲೆ ಸುಂಕ, ಅದನ್ನೂ ಸೇರಿಸಿ ಅದರ ಮೇಲೆ ತೆರಿಗೆ, ಕೊನೆಗೆ ಅಂಚೆಯವರ ಚಿಲ್ಲರೆ. ಒಟ್ಟು ಆರು ಸಾವಿರದ ಎಂಟುನೂರು.

"ಇದು ಮಾತಾಡೋ ಯಂತ್ರ ಮೇಡಂ. ಬಾಯಿ ತೆರಿಯಾಕೂ ತೆರಿಗಿ ಏನ್ರಿ?"

"ಹಾಕಿದ್ದು ನಾವಲ್ಲಪ್ಪ. ಅಲ್ಲಿ ಪೆಟ್ಟಿಗಿ ನೋಡಿದೋರು ಹಾಕ್ಯಾರ. ನಾವು ಇಸ್ಕೊಂಡು ರಸೀದಿ ಕೊಡೋರು."

"ನನ್ನ ಡ್ಯೂಟಿ ನಾ ಮಾಡೀನ್ರಿ," ಎಂದ ಸುಂಕಪ್ಪ, ಮುಖದಲ್ಲಿ ಒಂದು ಗೆರೆಯೂ ಕದಲಿಸದೆ. "ನಿಮ್ಮ ಡ್ಯೂಟಿ ನೀವು ಕಟ್ರಿ."

ಗವಿಸಿದ್ದೇಶ್ ಅವನನ್ನೇ ದಿಟ್ಟಿಸಿದ. ಇಂಥ ಮಾತು ತನಗೆ ಹೊಳೆಯಬೇಕಿತ್ತು! ಹೊಟ್ಟೆಕಿಚ್ಚಿನಲ್ಲೇ ದುಡ್ಡು ಎಣಿಸಿ ಕೊಟ್ಟ. 'ಒಲ್ಲೆ ಎಂದಿದ್ದು ತಪ್ಪಾಯಿತು, ಬೇಕು' ಎಂದು ಬರೆದು ಸಹಿ ಹಾಕಿದ. ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಹೊರಬಂದು, ಚೀಲ ಕಟ್ಟಿ ಮುಗಿಸಿದ ಸುಂಕಪ್ಪನ ಕೈಗೆ ಅದನ್ನು ಕೊಟ್ಟು, ಅವನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಅತ್ತೆಯ ಅಂಗಡಿಗೆ ಬಂದ. ನಿನ್ನೆ ತಿಳಿಯದೆ ಹೋದದ್ದು ಏನೆಂದು ಸುಂಕಪ್ಪನಿಗೂ ಕೇಳಬೇಕಿತ್ತು.

ಅಂಬಮ್ಮ ಬಾಣಲೆ ಇಳಿಸಿ, ಕೈ ಒರೆಸಿಕೊಂಡು, ಯಂತ್ರವನ್ನು ಕತ್ತಿಗೆ ಒತ್ತಿ ಗುಂಡಿ ಅದುಮಿದಳು. ಗುಂಯ್ ಎಂದಿತು, ಅಷ್ಟೇ. ಜಾಗ ಬದಲಿಸಿದಳು. ಮತ್ತೆ ಬರೀ ಗುಂಯ್. ಗವಿಸಿದ್ದೇಶ್ ಅಭ್ಯಾಸಬಲದಿಂದ ಬಾಯಿ ತೆರೆದ. ಅಂಬಮ್ಮ ಎಡಗೈಯಿಂದ ಅವನ ಬಾಯಿ ಮುಚ್ಚಿದಳು. ಗದ್ದದ ಕೆಳಗೆ, ತುಸು ಬಲಕ್ಕೆ, ಯಂತ್ರ ತನ್ನ ಜಾಗ ಹಿಡಿಯಿತು.

"ಗ... ವ್ಯಾ."

ದುಂಬಿ ಕನ್ನಡ ಕಲಿತ ಹಾಗಿತ್ತು. ಆದರೂ ಕನ್ನಡವೇ. ಗವಿಸಿದ್ದೇಶನ ಕಣ್ಣು ಒದ್ದೆಯಾಯಿತು.

"ನಿನಗ ಇನ್ನೊಂದು ಪ್ಲೇಟು ಹಾಕು ಅಂತ ನಾ ಯಾವತ್ತೂ ಅಂದಿಲ್ಲ."

ಸುಂಕಪ್ಪ ನಕ್ಕ. ಗವಿಸಿದ್ದೇಶ್ ಕಿವಿ ಹಿಡಿದುಕೊಂಡ.

"ನಿನ್ನಿ ಇವಗ ಏನಂದೆ ಗೊತ್ತೇನು? ರೊಕ್ಕ ಕೊಡತೀನಿ, ಒಯ್ಯಬ್ಯಾಡೋ ಯಪ್ಪಾ ಅಂದೆ." ಯಂತ್ರ ತೆಗೆದು ಉಸಿರೆಳೆದುಕೊಂಡು ಮತ್ತೆ ಒತ್ತಿದಳು. "ಆವತ್ತು ಬಾದನಹಟ್ಟಿಯಾಕಿ ಬಂದಾಗ ಆರಾಮ ಅದೀನಿ ಅಂತ ನಾ ಅನ್ನಲಿಲ್ಲ. ಅಂಜಿಕಿ ಬರತೈತವ್ವಾ ಅಂದೆ. ಹಿಂಗ ಮೂಕಿಯಾಗಿ ಸಾಯ್ತೀನೇನೋ ಅಂದೆ."

ಗವಿಸಿದ್ದೇಶ್ ಅತ್ತೆಯ ಕೈ ಹಿಡಿದುಕೊಂಡ. ತನ್ನದೇ ಸಣ್ಣ ದನಿಯಲ್ಲಿ ಕೇಳಿದ. "ಈಗ, ಅತ್ತಿ?"

ಅಂಬಮ್ಮ ಬಾಣಲೆ ನೋಡಿದಳು, ಬಸ್‌ಸ್ಟ್ಯಾಂಡ್ ನೋಡಿದಳು, ಅವನನ್ನು ನೋಡಿದಳು. "ಈಗ ಆರಾಮ ಅದೀನಿ."

ಗವಿಸಿದ್ದೇಶ್ ಕಣ್ಣೊರೆಸಿಕೊಂಡು ಸುಂಕಪ್ಪನ ಕಡೆ ತಿರುಗಿ, "ಅಂದ್ರ ಅತ್ತಿ ಹೇಳೋದೇನಂದ್ರ..." ಎಂದು ಶುರು ಮಾಡಿದ.

ಜಾರಿ ಠಣ್ ಎಂದಿತು.

"ಸುಮ್ನಿರಲೇ. ಸುಂಕ ಕಟ್ಟಿದ ಮಾತಿದು. ನಡುವ ಬಾಯಿ ಹಾಕಬ್ಯಾಡ." ಅಂಬಮ್ಮ ಬಿಸಿ ಮಿರ್ಚಿ ಎರಡನ್ನು ತಟ್ಟೆಗೆ ಹಾಕಿದಳು. "ಸುಂಕಪ್ಪ, ನೀ ತಿನ್ನಪ್ಪ." ಯಂತ್ರ ಕೆಳಗಿಟ್ಟಳು. ಮತ್ತೇನೋ ನೆನಪಾದವಳಂತೆ ಎತ್ತಿ ಕತ್ತಿಗೆ ಒತ್ತಿದಳು.

"ಗವ್ಯಾಗೂ ಒಂದು ಪ್ಲೇಟು ಹಾಕತೀನಿ. ಕೂಸು ಸೊರಗೈತಿ."